ಹಲ್ಲಿನಲ್ಲಿ ಕೇಳಿಸಿಕೊಂಡ ಸದ್ದು

ನಮ್ಮ ಮೇವಿನ ಅಂಗಡಿಯ ಹಿಂದಿನ ಕೋಣೆಯನ್ನು ರಿವಾಲ್ವರ್ ರಿಪೇರಿ ಮಾಡುವ ಆರ್ವಿಡ್ ಲುಂಡ್‌ಗೆ ಬಾಡಿಗೆಗೆ ಕೊಟ್ಟವನು ನನ್ನ ಗಂಡ. ಗಂಡ ತೀರಿಕೊಂಡ, ಆರ್ವಿಡ್ ಉಳಿದುಕೊಂಡ. ಜೂನ್ ತಿಂಗಳಲ್ಲಿ ಹೊಳೆದಂಡೆಯ ಕಾಟನ್‌ವುಡ್ ಮರಗಳು ಹತ್ತಿ ಬಿಡುವಾಗ ಆ ಬಿಳಿ ಎಳೆಗಳು ಅವನ ಕಿಟಕಿಯಿಂದ ತೇಲಿ ಬಂದು, ಎಣ್ಣೆ ಹಚ್ಚಿಟ್ಟ ನಳಿಗೆಗಳಿಗೆಲ್ಲ ಅಂಟಿಕೊಳ್ಳುತ್ತಿದ್ದವು. ಕಿಟಕಿ ಮುಚ್ಚೋ ಮಾರಾಯ ಎಂದರೆ ಮುಚ್ಚುವವನಲ್ಲ. ಹತ್ತಿ ಹಾರುವುದನ್ನು ನೋಡುತ್ತ ಕೂತುಬಿಡುತ್ತಿದ್ದ. ನಮ್ಮ ವಯೋಮಿಂಗ್‌ನಲ್ಲಿ ಬೇಸಿಗೆ ಇರುವುದೇ ನಾಲ್ಕು ದಿನ, ಅದಕ್ಕೂ ಕಿಟಕಿ ಮುಚ್ಚಬೇಕೇ ಎಂದು ಅವನ ವಾದ.

ಅವನ ಕೈಗೆ ಬರುತ್ತಿದ್ದದ್ದು ಒಂದೇ ಜಾತಿಯ ಸಾಮಾನು: ತೋಟಾದ ಅಂಚಿಗೆ ಪೆಟ್ಟು ಬಿದ್ದರೆ ಸಿಡಿಯುವ, ಇಪ್ಪತ್ತೆರಡು ಕ್ಯಾಲಿಬರಿನ ಹಳೇ ರಿವಾಲ್ವರ್. ಪ್ರತಿ ಗುಂಡಿಗೂ ತೋಟಾಕ್ಕೆ ಹೊಡೆಯುವ ಹ್ಯಾಮರನ್ನು ಹೆಬ್ಬೆರಳಲ್ಲಿ ಹಿಂದಕ್ಕೆಳೆಯಬೇಕು. ದನ ಕಾಯುವವರು ಹಾವಿಗೆಂದು ಇಟ್ಟುಕೊಂಡು, ಕುದುರೆ ತಡಿಯ ಚೀಲದಲ್ಲಿ ತುಕ್ಕು ಹಿಡಿಸಿ ತರುತ್ತಿದ್ದರು. ಆರ್ವಿಡ್ ತಂದವರ ಕೈಯನ್ನು ಜೇಡಿಮಣ್ಣಿನ ಮೇಲೆ ಒತ್ತಿಸಿಕೊಂಡು, ಆ ಅಚ್ಚಿಗೆ ತಕ್ಕಂತೆ ಜಿಂಕೆ ಕೊಂಬಿನಲ್ಲೋ ವಾಲ್‌ನಟ್ ಮರದಲ್ಲೋ ಹಿಡಿಕೆ ಕೊರೆಯುತ್ತಿದ್ದ. ಹಿತ್ತಾಳೆ ಪುಡಿಯ ಮೇಲೆ ಸ್ಕ್ರೂ ಕಾಯಿಸುವಾಗ ಮಾತ್ರ ನನ್ನನ್ನು ಕೂಗುತ್ತಿದ್ದ. ಉಕ್ಕು ಮೊದಲು ಒಣಹುಲ್ಲಿನ ಬಣ್ಣವಾಗಿ, ಆಮೇಲೆ ಬದನೆಕಾಯಿಯ ಬಣ್ಣವಾಗಿ, ಕೊನೆಗೆ ನೀಲಿಯಾಗುತ್ತಿತ್ತು. ಗಿರಾಕಿಯನ್ನು ನಿಲ್ಲಿಸಿಯಾದರೂ ನಾನು ಹೋಗಿ ನೋಡುತ್ತಿದ್ದೆ.

ಆರ್ವಿಡ್ ಕಿವುಡ. ಹುಟ್ಟು ಕಿವುಡನಲ್ಲ, ರಿಪೇರಿಯಾದ ಪ್ರತಿಯೊಂದನ್ನೂ ಹಿತ್ತಲಲ್ಲಿ ಹಾರಿಸಿ ನೋಡುವಾಗ ಕಿವಿಗೆ ಹತ್ತಿ ಇಡುವುದು ಅವಮಾನ ಎಂದುಕೊಂಡಿದ್ದ ಕಾಲದ ಹುಂಬ. ತುಟಿ ನೋಡಿ ಮಾತು ತಿಳಿಯುತ್ತಿದ್ದ. ಕೆಲಸಕ್ಕೆ ಅವನದೇ ಒಂದು ಉಪಾಯವಿತ್ತು. ಪುಟ್ಟ ಮರದ ಕಡ್ಡಿಯ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ರಿವಾಲ್ವರಿನ ಮೈಗೆ ಒತ್ತಿ, ಹ್ಯಾಮರ್ ಎಳೆಯುತ್ತಿದ್ದ. ಒಳಗಿನ ಸದ್ದು ಹಲ್ಲಿನಿಂದ ತಲೆಬುರುಡೆಗೆ ಹತ್ತುತ್ತಿತ್ತಂತೆ. "ಕನಸಲ್ಲಿ ಮಾತ್ರ ಕಿವಿ ಚೆನ್ನಾಗೇ ಇದೆ ನೆಟ್ಟಿ. ನಿನ್ ಗೊರಕೆ ಸಮೇತ ಕೇಳ್ಸುತ್ತೆ" ಎಂದು ನನ್ನನ್ನು ರೇಗಿಸುತ್ತಿದ್ದ.

ಅಂಥ ಒಂದು ಜೂನ್ ಮಧ್ಯಾಹ್ನ ಹೊಳೆಯಾಚೆಯ ಕೋರಾ ಪ್ರೂಇಟ್ ಬಂದಳು. ಅವಳ ಗಂಡ ಡೆಲ್ಮರ್ ಹೋದ ಶರತ್ಕಾಲದಲ್ಲಿ ಸತ್ತಿದ್ದ. ಒರೆಸುವ ಬಟ್ಟೆಯಲ್ಲಿ ಸುತ್ತಿದ್ದ ಅವನ ರಿವಾಲ್ವರನ್ನು ಮೇಜಿನ ಮೇಲಿಟ್ಟು, "ಇದು ಮೂಕ ಆಗೋಗಿದೆ" ಎಂದಳು.

ಗುಂಡು ತುಂಬಿದ್ದನ್ನು ಮನೆಯೊಳಗೆ ತರಕೂಡದೆಂದು ಅವಳದೇ ಕಟ್ಟಪ್ಪಣೆ. ಡೆಲ್ಮರ್ ಪ್ರತಿ ಸಂಜೆ ಬಾಗಿಲಾಚೆ ನಿಂತು ಅದನ್ನು ಖಾಲಿ ಮಾಡಿ, ಕೊನೆಗೊಮ್ಮೆ ಹ್ಯಾಮರನ್ನು ಪೂರ್ತಿ ಎಳೆದು ಮೆಲ್ಲಗೆ ಇಳಿಸುತ್ತಿದ್ದ. ಹಳೇ ರಿವಾಲ್ವರುಗಳು ಹಾಗೆ ಎಳೆದಾಗ ನಾಲ್ಕು ಸಲ ಟಕ್ ಎನ್ನುತ್ತವೆ. ಒಲೆ ಮುಂದೆ ನಿಂತವಳಿಗೆ ಗಂಡ ಬಂದನೆಂದು ತಿಳಿಯುತ್ತಿದ್ದದ್ದು ಅದರಿಂದಲೇ; ಕೇಳಿದೊಡನೆ ಅವನನ್ನು ಊಟಕ್ಕೆ ಕರೆಯುತ್ತಿದ್ದಳು. ಅವನು ಸತ್ತ ಮೇಲೆ ಕೋರಾಳ ಅಕ್ಕನ ಮಗ ಅದನ್ನು ತಯಾರಿಸಿದ ಕಂಪನಿಗೇ ಕಳಿಸಿ ಒಳಗಿನ ಭಾಗಗಳನ್ನೆಲ್ಲ ಹೊಸದು ಹಾಕಿಸಿದ್ದ. ಹಳೆಯವನ್ನು ಎಸೆದೂ ಬಿಟ್ಟಿದ್ದ. ಆ ನಾಲ್ಕು ಸದ್ದು ಹೋಗಿತ್ತು.

"ಆ ಹುಡ್ಗ ಒಳ್ಳೇದಕ್ಕೇ ಮಾಡಿದ್ದು. ಹಳೇದು ಕೈ ಜಾರಿ ಬಿದ್ರೂ ಸಿಡೀತಿತ್ತಂತೆ. ನಾನೇನು ಗುಂಡು ತುಂಬ್ತೀನಾ ಆರ್ವಿಡ್? ನಂಗೆ ಸದ್ದು ಬೇಕು ಅಷ್ಟೇ. ಮೊನ್ನೆ ಒಲೆ ಮುಂದೆ ನಿಂತು ನೆನಪು ಮಾಡ್ಕೊಳೋಕೆ ನೋಡ್ದೆ, ಬರ್ಲಿಲ್ಲ. ಇನ್ನೊಂದು ಚಳಿಗಾಲ ಕಳೆದ್ರೆ ಪೂರ್ತಿ ಮರ್ತೋಗುತ್ತೆ."

"ಕಿವುಡನ ಹತ್ರ ಸದ್ದು ಕೇಳ್ಕೊಂಡು ಬಂದಿದೀಯಲ್ಲೇ!"

"ಡೆಲ್ಮರ್ ಇದನ್ನ ಬೇರೆ ಯಾರ ಕೈಗೂ ಕೊಡ್ತಿರ್ಲಿಲ್ಲ."

ಆ ಮಾತಿಗೆ ಆರ್ವಿಡ್ ಕರಗಿದ. ತನ್ನ ಡಬ್ಬಿಗಳನ್ನೆಲ್ಲ ಕೆದಕಿ ಅದೇ ಕಾಲದ ಭಾಗಗಳನ್ನು ಹುಡುಕಿ, ಉಜ್ಜಿ, ಕೂರಿಸಿದ. ಕಡ್ಡಿ ಕಚ್ಚಿಕೊಂಡು ಕಣ್ಣು ಮುಚ್ಚಿ ಕೂತವನ ತಲೆಯ ಮೇಲೆ ಬಿಳಿ ಹತ್ತಿ ತೇಲಿ ಬಂದು ಕೂತರೂ ಅವನಿಗೆ ತಿಳಿಯುತ್ತಿರಲಿಲ್ಲ. ಕೋರಾ ಮತ್ತೆ ಬಂದ ದಿನ ಹ್ಯಾಮರ್ ಎಳೆದು ತೋರಿಸಿದ. ನಾಲ್ಕೂ ಸದ್ದು ಸಮನಾಗಿ, ಗಡಿಯಾರದ ಹಾಗೆ. ಎಂಥಾ ಕೆಲಸಗಾರನಪ್ಪಾ ಎಂದು ನನಗೇ ಹೆಮ್ಮೆಯಾಯಿತು.

ಕೋರಾ ಅಲ್ಲವೆಂದು ತಲೆಯಾಡಿಸಿದಳು. "ಇದು ಬೇರೆ ಯಾರೋ ಮನೆಗೆ ಬಂದ ಹಾಗಿದೆ. ಈಗ ನೆನಪಾಯ್ತು, ಅವನದ್ರಲ್ಲಿ ಮೂರನೇದು ತಡ ಆಗ್ತಿತ್ತು. ನಾಲ್ಕನೇದ್ರ ಕಾಲಿಗೇ ಸಿಕ್ಕಾಕೊಳ್ತಿತ್ತು."

ಆರ್ವಿಡ್‌ಗೆ ಸಿಟ್ಟು ನೆತ್ತಿಗೇರಿತು. "ತಡ ಆಗ್ತಿತ್ತು ಅಂದ್ರೆ ಸವೆದುಹೋಗಿತ್ತು ಅಂತ! ರಿಪೇರಿಗೆ ತಾರೋ ಅಂತ ಎಷ್ಟು ಸಲ ಬಡ್ಕೊಂಡಿದ್ದೆ ಆ ಸೋಮಾರಿಗೆ. ಈಗ ಚೆನ್ನಾಗಿರೋದನ್ನ ನನ್ ಕೈಯಾರೆ ಕೆಡಿಸು ಅಂತೀಯಾ? ಆಗಲ್ಲ."

ಕೋರಾ ರಿವಾಲ್ವರನ್ನು ಅಲ್ಲೇ ಬಿಟ್ಟು ಎದ್ದು ಹೋದಳು. ನಾನು ಅವನೆದುರು ನಿಂತು, ತುಟಿ ಚೆನ್ನಾಗಿ ಕಾಣುವ ಹಾಗೆ ಬೈದೆ. ಅವನು ಕಣ್ಣು ಮುಚ್ಚಿಕೊಂಡ. ಕಿವುಡರ ಜೊತೆ ಜಗಳವಾಡುವುದರಲ್ಲಿ ಇದೊಂದು ಕಷ್ಟ.

ಮಾರನೇ ಬೆಳಿಗ್ಗೆ ನಾನು ಕಾಫಿ ಕೊಡಲು ಹೋದಾಗ ಅವನ ಮುಖ ಬೇರೆಯೇ ಆಗಿತ್ತು. "ಡೆಲ್ಮರ್ ಕನಸಲ್ಲಿ ಬಂದಿದ್ದ. ಬಾಗಿಲಾಚೆ ನಿಂತಿದ್ದ, ಬೂಟಿನ ತುಂಬ ಮಣ್ಣು. ಹ್ಯಾಮರ್ ಎಳ್ದ. ಕೇಳಿಸ್ತು ನೆಟ್ಟಿ. ನಿಜವಾಗ್ಲೂ ತಡ ಆಗುತ್ತೆ." ಕಾಫಿ ಲೋಟ ತೆಗೆದುಕೊಂಡು, "ಕೋರಾಗೆ ಫೋನ್ ಮಾಡು" ಎಂದ.

ಅವಳು ಬಂದಾಗ ಕಡ್ಡಿಯ ತುದಿಯನ್ನು ಮೇಜಿಗೆ ಒತ್ತಿ, ಆ ನಾಲ್ಕು ಸದ್ದನ್ನು ಬೆರಳಿನಿಂದ ಬಡಿದು ತೋರಿಸೆಂದ. ಕೋರಾ ಬಡಿದಳು: ಎರಡು ಬಿಡಿಬಿಡಿಯಾಗಿ, ಒಂದು ಎಡೆ ಬಿಟ್ಟು, ಎರಡು ಒಟ್ಟಿಗೆ. ಅವನು ಕಡ್ಡಿ ಕಚ್ಚಿ ಅದನ್ನು ಕೇಳಿಸಿಕೊಂಡ. ಆಮೇಲೆ ಸಿಲಿಂಡರನ್ನು ತಡೆದು ನಿಲ್ಲಿಸುವ ಪುಟ್ಟ ಉಕ್ಕಿನ ನಾಲಗೆಯನ್ನು ಹೊರತೆಗೆದು, ಅದರ ಬಾಲವನ್ನು ಅರದಲ್ಲಿ ಉಜ್ಜತೊಡಗಿದ. ಉಜ್ಜುವುದು, ಕೂರಿಸುವುದು, ಎಳೆಯುವುದು, ಕೋರಾ ತಲೆಯಾಡಿಸುವುದು, ಮತ್ತೆ ಬಿಚ್ಚುವುದು. ತಾನೇ ಕೆಡಿಸುತ್ತಿದ್ದ ಕೆಲಸವನ್ನು ಅವನು ಅಷ್ಟು ಪ್ರೀತಿಯಿಂದ ಮಾಡಿದ. ಬಿಸಿಲು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಸೂರಿಗೆ ಹತ್ತಿತು. ಕೋರಾ ದಣಿದು ಕಣ್ಣು ಮುಚ್ಚಿ ಕೂತಿದ್ದಳು.

ಆರ್ವಿಡ್ ಇನ್ನೊಮ್ಮೆ ಎಳೆದ. ಟಕ್, ಟಕ್. ಆಮೇಲೆ ಒಂದು ಎಡೆ. ಟಟಕ್. ಹ್ಯಾಮರನ್ನು ಮೆಲ್ಲಗೆ ಇಳಿಸಿದ.

ಕೋರಾ ಕಣ್ಣು ತೆರೆಯಲಿಲ್ಲ. ಅವಳ ತುಟಿ ಮಾತ್ರ ಆಡಿತು: "ಕೈ ತೊಳ್ಕೊಂಡು ಬಾ, ತಟ್ಟೆ ಹಾಕ್ತೀನಿ."

ಆರ್ವಿಡ್ ಆ ತುಟಿಗಳನ್ನೇ ನೋಡುತ್ತಿದ್ದ. ಎಣ್ಣೆಯಿಂದ ಕಪ್ಪಾಗಿದ್ದ ತನ್ನ ಕೈಗಳನ್ನೊಮ್ಮೆ ನೋಡಿಕೊಂಡ. ರಿವಾಲ್ವರನ್ನು ಬಟ್ಟೆಯ ಮೇಲಿಟ್ಟು, ಎದ್ದು, ಮೂಲೆಯ ನಲ್ಲಿಯ ಹತ್ತಿರ ಹೋಗಿ ನೀರು ಬಿಟ್ಟ. ಅವನು ಕೈ ತೊಳೆದು ಮುಗಿಸುವವರೆಗೂ ಕೋರಾ ಕಣ್ಣು ಮುಚ್ಚಿಕೊಂಡೇ ಆ ನೀರಿನ ಸದ್ದು ಕೇಳುತ್ತ ಕೂತಿದ್ದಳು.