ಮೊಂಟಾನಾಕ್ಕೆ ಹೋದ ಡಂಪ್ಲಿಂಗ್ ಅಂಗಡಿ

ನನ್ನ ಭಾವ ಗುವೊಲಿಯಾಂಗ್ ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಡಂಪ್ಲಿಂಗ್ ಎಂಬ ಚೀನೀ ಕಡುಬಿನ ಅಂಗಡಿಯನ್ನು ಮುಚ್ಚಿ, ಮೊಂಟಾನಾದಲ್ಲಿ ಮನುಷ್ಯರಿಗಿಂತ ದನಗಳೇ ಹೆಚ್ಚಿರುವ ಊರಿಗೆ ಹೊರಟಾಗ ನೆಂಟರೆಲ್ಲ ಅವರಿಗೆ ತಲೆ ಕೆಟ್ಟಿದೆ ಎಂದರು. ತಲೆ ಕೆಟ್ಟವರ ಹಿಂದೆ ಅಡುಗೆಗೆಂದು ಹೊರಟ ನನ್ನನ್ನು ಏನೆನ್ನಬೇಕೋ ಯಾರಿಗೂ ತೋಚಲಿಲ್ಲ.

ಎಲ್ಲ ಮಗಳು ಯೂಟಿಂಗ್‌ಗಾಗಿ. ಅವಳಿಗೆ ಬಾಸ್ಟನ್ ಕಡೆಯ ಆ ದೊಡ್ಡ ಕಾಲೇಜು ಸಿಗಬೇಕು.

"ಕಾಲೇಜಿನೋರು ಎಲ್ಲ ಊರು, ಎಲ್ಲ ಜನಾಂಗದಿಂದ ಸ್ವಲ್ಪ ಸ್ವಲ್ಪ ಆರಿಸ್ತಾರೆ. ಇಲ್ಲಿಂದ ಅರ್ಜಿ ಹಾಕಿದ್ರೆ ಸಾವಿರ ಚೀನೀ ಹುಡುಗೀರಲ್ಲಿ ಇವಳೂ ಒಬ್ಬಳು. ಅಲ್ಲಿಂದ ಹಾಕಿದ್ರೆ ಇವಳೊಬ್ಬಳೇ," ಎಂಬುದು ಭಾವನ ಲೆಕ್ಕ.

ಲೆಕ್ಕ ಶುರುವಾದದ್ದು ನಮ್ಮ ಕಟ್ಟಡ ನೋಡಿಕೊಳ್ಳುತ್ತಿದ್ದ ರೋಸ್ಕೋನಿಂದ. ಕಪ್ಪು ಜನಾಂಗದವನು. ಅವನ ಮಗ ಟೆರೆನ್ಸ್‌ಗೆ ಅದೇ ಕಾಲೇಜು ಸಿಕ್ಕಿತು. "ಓದಿ ಸಿಕ್ತಾ ಅದು? ಬಣ್ಣ ನೋಡಿ ಕೊಟ್ರು," ಎಂದು ಭಾವ ಎಲೆಕೋಸು ಕೊಚ್ಚುತ್ತ ವರ್ಷವಿಡೀ ಗೊಣಗಿದರು.

ಹೊಸ ಊರಲ್ಲಿ ಮತ್ತೆ ಅಂಗಡಿ ತೆರೆದು, ಯೂಟಿಂಗ್‌ಗೆ ಒಂದು ಕುರಿ ತಂದುಕೊಟ್ಟರು. ಅರ್ಜಿಯಲ್ಲಿ ಕುರಿ ಸಾಕಾಣಿಕೆ ಎಂದಿದ್ದರೆ ಶೋಭೆಯಂತೆ. ಅವಳು ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಹಾಗಾಗಿ ಕುರಿ ನನ್ನ ಪಾಲಿಗೆ ಬಂತು. ಕುರಿಗೂ ನನಗೂ ಕೊನೆಯವರೆಗೂ ಹೊಂದಲಿಲ್ಲ.

ಸೀಟು ಸಿಕ್ಕಿಯೇಬಿಟ್ಟಿತು. ಭಾವ ಅವತ್ತು ಊರಿಗೆಲ್ಲ ಪುಕ್ಕಟೆ ಡಂಪ್ಲಿಂಗ್ ಹಂಚಿದರು. ದನ ಸಾಕುವ ಮುದುಕ ಡೇಲ್ ಒಂದು ತಟ್ಟೆ ಮುಗಿಸಿ ಬಾಯಿ ಒರೆಸಿಕೊಂಡ. ಅವನ ಮೊಮ್ಮಗನ ಅರ್ಜಿಯನ್ನು ಅದೇ ಕಾಲೇಜು ತಿರಸ್ಕರಿಸಿತ್ತು.

"ಖುಷಿ ಆಯ್ತಪ್ಪ. ನಮ್ಮ ಹುಡುಗನಿಗೂ ಸಿಗ್ಬೇಕಿತ್ತು. ಏನ್ ಮಾಡೋದು, ಅವರಿಗೀಗ ನಿಮ್ಮಂಥೋರೇ ಬೇಕಂತೆ."

ಭಾವನ ಮುಖ ಹಬೆ ಆರಿದ ಡಂಪ್ಲಿಂಗಿನಂತಾಯಿತು. "ಅವಳು ಓದಿದಾಳೆ, ಡೇಲ್."

"ಓದಿರ್ತಾಳೆ. ಇಲ್ಲ ಅಂದ್ನಾ?" ಡೇಲ್ ತಟ್ಟೆ ಮುಂದೆ ಚಾಚಿದ. ಭಾವ ಬಡಿಸಿ ಅಡುಗೆಮನೆಗೆ ಬಂದರು.

"ಲೋ, ಆ ಟೆರೆನ್ಸ್ ಓದ್ತಿದ್ನೇನೋ?"

"ನಮ್ಮ ಕಟ್ಟಡದ ಬಟ್ಟೆ ಒಗೆಯೋ ಕೋಣೇಲಿ ಯಾವಾಗ ನೋಡಿದ್ರೂ ಮಷೀನ್ ಮೇಲೆಲ್ಲ ಪುಸ್ತಕ ಹರಡ್ಕೊಂಡಿರ್ತಿದ್ದ. ನನ್ನ ಚಡ್ಡಿ ಇಡೋಕೂ ಜಾಗ ಇರ್ತಿರಲಿಲ್ಲ."

"ಮತ್ತೆ ಆಗಲೇ ಬೊಗಳೋಕೇನಾಗಿತ್ತು?"

"ನಿಮ್ಮ ಕೈಲಿ ಚಾಕು ಇತ್ತಲ್ಲ ಭಾವ."

ಅವರು ನಗಲಿಲ್ಲ. ಫೋನ್ ತೆಗೆದು ರೋಸ್ಕೋಗೆ ಮಾಡಿದರು. ಹವೆ, ಮಂಡಿನೋವು ಎಲ್ಲ ವಿಚಾರಿಸಿದ ಮೇಲೆ ಗಂಟಲು ಸರಿಮಾಡಿಕೊಂಡು, "ಟೆರೆನ್ಸ್‌ಗೆ ಸೀಟು ಸಿಕ್ಕಾಗ ನಾನು ನಿಂಗೆ ಒಂದು ಒಳ್ಳೇ ಮಾತೂ ಹೇಳಿರಲಿಲ್ಲ. ಕಷ್ಟಪಟ್ಟು ಓದಿ ತಗೊಂಡ. ಬಹಳ ಸಂತೋಷ," ಎಂದರು.

ಆ ಕಡೆಯಿಂದ ರೋಸ್ಕೋ, "ಏನಯ್ಯಾ, ಕುಡಿದಿದೀಯಾ?" ಎಂದದ್ದು ನನಗೂ ಕೇಳಿಸಿತು.