ತೊಂಬತ್ತಾರಾದ ಅರವತ್ತು

ಮೊನ್ನೆ ಹರಿಹರದಿಂದ ದಾವಣಗೆರೆಗೆ ಸ್ಕೂಟರಿನಲ್ಲಿ ಬರುವಾಗ ಬಿಸಿನೀರಲ್ಲಿ ನೆನೆದ ಭತ್ತದ ವಾಸನೆ ಮೂಗಿಗೆ ಬಡಿಯಿತು. ಗಾಡಿ ನಿಲ್ಲಿಸಿಬಿಟ್ಟೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಹರಿಹರದ ಹತ್ತಿರ ಮಂಡಕ್ಕಿಗೆ ಭತ್ತ ನೆನೆಸುವ ಮಿಲ್ಲೊಂದರಲ್ಲಿ ನೀರಿನ ಬಿಸಿ ಹತೋಟಿಯಲ್ಲಿಡುವ ಹಳೆಯ ಕಂಟ್ರೋಲರು ತೆಗೆದು ಹೊಸದು ಕೂರಿಸಲು ನನ್ನನ್ನು ಕಳಿಸಿದ್ದರು. ಅಲ್ಲಿನ ಬಿಸಿನೀರಿನ ತೊಟ್ಟಿ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ತೊಟ್ಟಿ ಮಾವ ಅನ್ನುತ್ತಿದ್ದರು, ನಾನೂ ಅಂದೆ. ನಾನು ಊಟದ ಡಬ್ಬಿ ತರದ ದಿನ ಅರ್ಧ ರೊಟ್ಟಿ ಮುರಿದು ಕೊಡುತ್ತಿದ್ದರು... ಅವರದೊಂದು ರೂಢಿ. ಪ್ಯಾನೆಲ್ಲಿನ ಅಂಕಿಚಕ್ರ ತಿರುಗಿಸಿ ಅರವತ್ತು ಡಿಗ್ರಿ ಇಡುವರು, ಒಂದು ಗಂಟೆ ಬಿಟ್ಟು ಎರಡು ಬೆರಳು ನೀರಿಗೆ ಅದ್ದಿ ತಟ್ಟನೆ ತೆಗೆದು ತಲೆಯಾಡಿಸುವರು.

ಕಂಟ್ರೋಲರಿನ ರಿಜಿಸ್ಟರು ಅಂದರೆ ಹದಿನಾರು ಮನೆಗಳ ಸಾಲು, ಮನೆಗೊಂದು ಸೊನ್ನೆ ಇಲ್ಲವೇ ಒಂದು. ಬದಲಿಸದೆ ಉಳಿಸಿಕೊಂಡಿದ್ದ ಆ ಹಳೆಯ ಚಕ್ರ ಪ್ರತಿ ಅಂಕಿಗೂ ಬೇರೆಬೇರೆ ನಾಲ್ಕು ಮನೆ ಹಿಡಿಯುತ್ತಿತ್ತು: ಆರಕ್ಕೆ 0110, ಸೊನ್ನೆಗೆ 0000. ನನ್ನ ಹೊಸ ಕಂಟ್ರೋಲರು ಆ ಎಂಟು ಮನೆಗಳನ್ನೂ ಸೇರಿಸಿ ಒಂದೇ ಸಂಖ್ಯೆಯಾಗಿ ಓದಿತು. ಹಾಗೆ ಓದಿದರೆ ಅಲ್ಲಿನ ಎರಡು ಒಂದುಗಳ ಬೆಲೆ ಅರವತ್ತನಾಲ್ಕು, ಮೂವತ್ತೆರಡು... ಕೂಡಿದರೆ ತೊಂಬತ್ತಾರು! ನಡುವೆ ಪರಿವರ್ತನೆಯ ಒಂದು ಸಾಲು ಬರೆಯಬೇಕಿತ್ತು, ಮರೆತಿದ್ದೆ. ಪರೀಕ್ಷೆಗೆ ಐದು ಇಟ್ಟು ನೋಡಿ ಸರಿಯಾಗಿದೆ ಅಂದುಕೊಂಡಿದ್ದೆ. ಹತ್ತರೊಳಗೆ ಎರಡು ಲೆಕ್ಕವೂ ಒಂದೇ ಅನ್ನುವುದು ಹೊಳೆಯಲೇ ಇಲ್ಲ, ಥೂ ನನ್ನ ಬುದ್ಧಿಗೆ.

ಮಾವ ಅರವತ್ತು ಇಟ್ಟರೂ ನೀರು ತೊಂಬತ್ತಾರಕ್ಕೆ ಕಾದಿತ್ತು. ಅವರು ಎಂದಿನಂತೆ ಬೆರಳು ಅದ್ದಿದರು. ಚರ್ಮ ಸುಲಿದು ಬಂತು. ಎಲ್ಲರೂ ಅವರ ಕೈಗೆ ತಣ್ಣೀರು ಸುರಿಯುತ್ತಿದ್ದಾಗ ನಾನು ಲ್ಯಾಪ್‌ಟಾಪ್ ತೆರೆದೆ, ತಪ್ಪು ಕಂಡಿತು. ಯಾರಿಗೂ ಹೇಳದೆ ಆ ಸಾಲು ಸೇರಿಸಿದೆ. ಹೊರಗೆ ಬಂದಾಗ ಮಾವ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದರು.

"ಯವ್ವಾ, ನಾನು ಅರವತ್ತೇ ಇಟ್ಟಿದ್ನಾ, ತೊಂಬತ್ತು ಇಟ್ಟಿದ್ನಾ? ಕಣ್ಣು ಮಂಜಾಗೈತೇನೋ."

ನಿಜ ಹೇಳಿದರೆ ನನ್ನ ಕೆಲಸ ಹೋಗುತ್ತದೆ ಅನ್ನುವ ಭಯ.

"ಇರಬಹುದು ಮಾವ," ಅಂದೆ.

ಆಮೇಲೆ ಅವರು ಚಕ್ರ ತಿರುಗಿಸಿದಾಗೆಲ್ಲ ಯಾರನ್ನಾದರೂ ಕರೆದು ಓದಿಸುತ್ತಿದ್ದರಂತೆ. ಎರಡು ಸಲ, ಮೂರು ಸಲ... ಕೊನೆಗೆ ತನ್ನಿಂದ ಯಾರದೋ ಕೈ ಬೆಂದೀತು ಅಂತ ಹೆದರಿ ಕೆಲಸವನ್ನೇ ಬಿಟ್ಟರಂತೆ. ಕೇಳಿದ ದಿನ ಅನ್ನ ಇಳಿಯಲಿಲ್ಲ. ಆದರೂ ಅವರಲ್ಲಿಗೆ ಹೋಗಿ ನಿಜ ಹೇಳಲಿಲ್ಲ. ನಾಳೆ ಹೋದರಾಯಿತು ಅನ್ನುತ್ತಲೇ ವರ್ಷಗಳು ಕಳೆದವು.

ಮೊನ್ನೆ ಗಾಡಿಯನ್ನು ಸೀದಾ ನಿಟ್ಟುವಳ್ಳಿಯ ಮಾವನ ಮನೆಗೆ ತಿರುಗಿಸಿದೆ. ಬಾಗಿಲು ತೆರೆದವರು ಅವರ ಹೆಂಡತಿ. ಮಾವ ತೀರಿಕೊಂಡು ಎಂಟು ತಿಂಗಳಾಗಿತ್ತು. ಚಹಾ ಕೊಟ್ಟರು. ಪಿ.ಜೆ. ಬಡಾವಣೆಯ ಕಣ್ಣಿನ ಡಾಕ್ಟರು ಏನೂ ದೋಷವಿಲ್ಲ ಅಂದರೂ ಮಾವ ನಂಬಲಿಲ್ಲವಂತೆ. ಮಷೀನು ಕಲಿತ ಹುಡುಗಿಯೇ ಹೇಳಿದ್ದಾಳೆ ಅನ್ನುತ್ತಿದ್ದರಂತೆ.

ಆ ಹುಡುಗಿ ನಾನೇ, ತಪ್ಪು ನನ್ನದು ಅಂತ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ನನ್ನ ಖಾಲಿ ಲೋಟ ತೆಗೆದು ಪಕ್ಕಕ್ಕಿಟ್ಟರು.

"ಮೊಮ್ಮಗನ್ನ ಎತ್ಕೊಂಡು ಮೆಟ್ಲು ಇಳೀತಿರ್ಲಿಲ್ಲ ತಾಯಿ, ಕಣ್ಣು ಕಾಣಲ್ಲ, ಬೀಳಿಸ್ತೀನಿ ಅಂತ," ಅಂದರು. "ಒಂದ್ಸಲನೂ ಎತ್ಕೊಳ್ಳಲಿಲ್ಲ."