ಮೇಡಂಗೊಂದು ಜೋಲಿ

ನಮ್ಮ ಚಿಕ್ಕಮ್ಮ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ ಇಟ್ಟುಕೊಂಡು ಮೂವತ್ತು ವರ್ಷದಿಂದ ಬೀದಿಯವರಿಗೆಲ್ಲ ಬಟ್ಟೆ ಹೊಲಿದಿದ್ದಾಳೆ. ಅವಳ ಕೈಗೆ ಒಂದು ಚಾಳಿಯಿದೆ. ಯಾರಿಗೆ ಏನೇ ಹೊಲಿದರೂ ಒಂದಿಂಚು ಸಡಿಲ. ಕೇಳಿದರೆ, “ನಾಳೆ ದಪ್ಪ ಆದ್ರೆ?” ಎನ್ನುತ್ತಾಳೆ. ಅವಳ ಹತ್ತಿರ ಗುಂಡಿ ಹಾಕುವ, ಅಂಚು ಮಡಿಸುವ ಕೆಲಸಕ್ಕೆ ನಾನು ಸೇರಿ ಆರು ವರ್ಷವಾಯಿತು. ಇವತ್ತಿಗೂ ನನ್ನ ಒಂದು ಅಂಗಿಯೂ ಮೈಗೆ ಸರಿಯಾಗಿ ಕೂತಿಲ್ಲ. ಜಗಳವಾಡಿ ಸಾಕಾಗಿದೆ.

ಮನೆಯಲ್ಲೊಂದು ಕಪ್ಪು ಕೋಳಿಯಿತ್ತು. ಬೆಳಿಗ್ಗೆ ಒಳಗೆ ಬಂದು, ಕತ್ತು ಚಾಚಿ ಮೂಲೆ ಮೂಲೆಯನ್ನೂ ಪರೀಕ್ಷಿಸುತ್ತಿದ್ದುದರಿಂದ ಚಿಕ್ಕಪ್ಪ ಅದಕ್ಕೆ ಮೇಡಂ ಎಂದು ಹೆಸರಿಟ್ಟಿದ್ದರು. ಚಿಕ್ಕಪ್ಪ ಬಸ್ ಕಂಡಕ್ಟರು, ತಪಾಸಣೆಯವರ ನಡಿಗೆ ಅವರಿಗೆ ಚೆನ್ನಾಗಿ ಗೊತ್ತು. ಆ ಕೋಳಿ ಸಾಲದೆಂದು ಚಿಕ್ಕಮ್ಮ ಸೈಕಲ್ಲಿನಲ್ಲಿ ಕೋಳಿಮರಿ ಮಾರುವವನಿಂದ ಹತ್ತು ಪುಟ್ಟ ಮರಿಗಳನ್ನೂ ತಂದಳು. ರಟ್ಟಿನ ಪೆಟ್ಟಿಗೆ, ಕಾವಿಗೆ ಮೇಲೊಂದು ಬಲ್ಬು, ಹೊಲಿಗೆ ಕೋಣೆಯಲ್ಲೇ ಅವುಗಳ ಸಂಸಾರ. ಅಳತೆ ಕೊಡಲು ಬಂದವರು ಮರಿಗಳನ್ನು ನೋಡುತ್ತಾ ನಿಂತು, ಅಳತೆ ಕೊಡುವುದನ್ನೇ ಮರೆತು ಹೋಗುತ್ತಿದ್ದರು. ಮೇಡಂ ಮಾತ್ರ ಪೆಟ್ಟಿಗೆಯೊಳಗೆ ಇಣುಕಿ ಒಂದು ಮರಿಯ ತಲೆಗೆ ಕುಕ್ಕಿ, ತನಗೂ ಅವಕ್ಕೂ ಸಂಬಂಧವಿಲ್ಲವೆಂದು ತಿಳಿಸಿಬಿಟ್ಟಿತ್ತು.

ಅದಾದ ಎರಡನೇ ದಿನ ಅನಾಹುತವಾಯಿತು. ಮಿಷನ್ ಕೆಳಗೆ ಬಿದ್ದ ದಾರದ ತುಂಡುಗಳನ್ನು ಹುಳುವೆಂದು ಹೆಕ್ಕುತ್ತಿದ್ದ ಮೇಡಂನ ಕಾಲು ಪೆಡಲಿಗೆ ಸಿಕ್ಕಿಕೊಂಡಿತು. ಚಿಕ್ಕಮ್ಮ ನೋಡದೆ ತುಳಿದಳು. ಆ ಕಿರುಚಾಟ ಕೇಳಿ ಕೆಳಗೆ ಬಗ್ಗಿದವಳು, ಅದನ್ನು ಸೆರಗಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಓಡಿದಳು.

ಪಶುವೈದ್ಯರು ಮೂಳೆ ಕೂಡಿಸಿ ಪಟ್ಟಿ ಕಟ್ಟಿದರು. ಮೂರು ವಾರ ಕಾಲಿನ ಮೇಲೆ ಭಾರ ಬೀಳಬಾರದು, ಜೋಲಿ ಮಾಡಿ ಅದರಲ್ಲಿ ಕೂರಿಸಿ, ಜೋಲಿ ಬಿಗಿಯಾಗಿರಲಿ ಎಂದು ಎರಡು ಸಲ ಹೇಳಿ ಕಳಿಸಿದರು. ಚಿಕ್ಕಮ್ಮ ಟೇಪು ಹಿಡಿದು ಕೋಳಿಯ ಎದೆ ಅಳೆದಳು, ಅಳತೆ ಪುಸ್ತಕದಲ್ಲಿ ‘ಮೇಡಂ, ಹದಿಮೂರು’ ಎಂದು ಬರೆದುಕೊಂಡಳು. ಕಾಲು ಇಳಿಬಿಡಲು ಎರಡು ತೂತು ಬಿಟ್ಟು ಕೈಯಲ್ಲೇ ಹೊಲಿದು, ತಲೆಕೆಳಗು ಮಾಡಿದ ಸ್ಟೂಲಿನ ನಾಲ್ಕು ಕಾಲಿಗೆ ಕಟ್ಟಿದಳು. ನೋಡಿದರೆ ಒಂದಿಂಚು ಸಡಿಲ! ಕೋಳಿ ಜೋತು ಬಿದ್ದು ಹೊಟ್ಟೆ ನೆಲದ ಹತ್ತಿರ ಬಂದಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಕೋಳಿಗೂ ನಾಳೆ ದಪ್ಪ ಆಗುವ ಯೋಗವಿದೆಯಾ ಎಂದು ಕೇಳಿದೆ. ಬಿಗಿ ಮಾಡಲು ಹೋದರೆ ಅದು ರೆಕ್ಕೆ ಬಡಿದು ಕಾಲು ಝಾಡಿಸಿತು. ಕೊನೆಗೆ ಕೆಳಗೆ ಚಿಂದಿಬಟ್ಟೆಯ ಮೆತ್ತೆ ಇಟ್ಟು ಸುಮ್ಮನಾದೆವು.

ಅಂದಿನಿಂದ ಚಿಕ್ಕಮ್ಮ ಮಿಷನ್ ಮುಟ್ಟಲಿಲ್ಲ. ಪೆಡಲಿನ ಮೇಲೆ ಕಾಲಿಟ್ಟರೆ ಆ ಕಿರುಚಾಟ ಕೇಳಿಸುತ್ತದೆ ಎಂದಳು. ಬಟ್ಟೆ ರಾಶಿ ಬಿತ್ತು, ಗಿರಾಕಿಗಳು ಮುಖ ಊದಿಸಿಕೊಂಡು ಹೋದರು. ಅವಳು ಮೇಡಂ ಮುಂದೆ ಕೂತು ನುಚ್ಚು ಹಿಡಿದು ಬೇಡುತ್ತಿದ್ದಳು. ಮೇಡಂ ಕಣ್ಣು ಮುಚ್ಚಿಕೊಂಡಿತ್ತು. ಮೂರು ದಿನವಾದರೂ ಒಂದು ಕಾಳು ಮುಟ್ಟಲಿಲ್ಲ.

“ಭಾನುವಾರದವರೆಗೂ ನೋಡೋಣ ಕಣೇ,” ಎಂದರು ಚಿಕ್ಕಪ್ಪ ಮೆಲ್ಲಗೆ. “ಆಮೇಲೂ ಹಿಂಗೇ ಇದ್ರೆ, ಅದಕ್ಕೆ ನೋವು ಕೊಡೋದು ಬೇಡ.”

ಚಿಕ್ಕಮ್ಮ ಅವರೊಡನೆ ಮಾತು ಬಿಟ್ಟಳು.

ನಾಲ್ಕನೇ ದಿನ ಶನಿವಾರ. ಮಧ್ಯಾಹ್ನ ಕರೆಂಟು ಹೋಯಿತು, ಹೊರಗೆ ಕೊರೆಯುವ ಗಾಳಿ. ಬಲ್ಬು ಆರಿದ್ದೇ ತಡ, ಮರಿಗಳು ಒಂದರ ಮೇಲೊಂದು ಬಿದ್ದು ಚೀರತೊಡಗಿದವು. ಚಿಕ್ಕಮ್ಮ ಬಾಟಲಿಗೆ ಬಿಸಿನೀರು ತುಂಬಲು ಒಳಗೆ ಓಡಿದಳು. ರಜೆಯಲ್ಲಿದ್ದ ಚಿಕ್ಕಪ್ಪ ಸಹಾಯ ಮಾಡುತ್ತೇನೆಂದು ಪೆಟ್ಟಿಗೆ ಎತ್ತಿದರು. ಅದರ ತಳ ಒದ್ದೆಯಾಗಿ ಮೆತ್ತಗಾಗಿತ್ತು, ಕಿತ್ತು ಬಂತು. ಹತ್ತೂ ಮರಿಗಳು ನೆಲಕ್ಕೆ ಬಿದ್ದು, ಎದ್ದು, ನೇರವಾಗಿ ಸ್ಟೂಲಿನ ಕಡೆಗೆ ಓಡಿದವು. ಮೊದಲು ಕುಕ್ಕಿಸಿಕೊಂಡ ಮರಿಯೇ ಮುಂದೆ. ಮೇಡಂ ಮತ್ತೆ ಕುಕ್ಕೀತೆಂದು ನಾನು ತಡೆಯಲು ಕೈ ಚಾಚಿದೆ.

ಮೇಡಂ ಕಣ್ಣು ಬಿಟ್ಟಿತು. ಕುಕ್ಕಲಿಲ್ಲ. ಮರಿ ಜೋಲಿಗೂ ರೆಕ್ಕೆಗೂ ನಡುವೆ ಇದ್ದ ಸಡಿಲದಲ್ಲಿ ತಲೆ ತೂರಿಸಿತು. ಅದರ ಹಿಂದೆ ಇನ್ನೊಂದು, ಮತ್ತೆರಡು. ಉಳಿದವು ಹೊಟ್ಟೆಯಡಿಯ ಮೆತ್ತೆಯಲ್ಲಿ ನುಗ್ಗಾಡಿದವು.

“ಒಳಗೆ ಜಾಗ ಇದೆ, ಮುಂದೆ ಹೋಗಿ, ಮುಂದೆ ಹೋಗಿ,” ಎಂದರು ಚಿಕ್ಕಪ್ಪ.

ಮೇಡಂ ಗಂಟಲಲ್ಲಿ ಸಣ್ಣಗೆ ಕೊಕ್ ಕೊಕ್ ಎಂದಿತು. ನಾವು ಎಂದೂ ಕೇಳದ ದನಿ ಅದು. ಆಮೇಲೆ ಕತ್ತು ಬಗ್ಗಿಸಿ ಬಟ್ಟಲಿನ ನುಚ್ಚು ಕುಕ್ಕಿ ಮರಿಗಳ ಮುಂದೆ ಉದುರಿಸಿತು, ತಾನೂ ನುಂಗಿತು. ಬಿಸಿನೀರಿನ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ನನ್ನತ್ತ ತಿರುಗಿ, ಬಿಗಿ ಮಾಡಿದ್ದರೆ ಇವು ಎಲ್ಲಿಗೆ ಹೋಗುತ್ತಿದ್ದವು ಎಂದು ಕೇಳಿದಳು. ಆರು ವರ್ಷದ ವಾದದಲ್ಲಿ ಒಂದು ಕೋಳಿಯಿಂದ ಸೋತೆ.

ಮೂರು ವಾರ ಕಳೆದು ಪಟ್ಟಿ ಬಿಚ್ಚಿದರು. ಮೇಡಂ ಕುಂಟಿತು, ಆದರೆ ನಡೆಯಿತು. ಮರುದಿನ ಚಿಕ್ಕಮ್ಮ ಮಿಷನ್ ಮುಂದೆ ಕೂತಳು. ಬಟ್ಟೆ ಇಟ್ಟಳು, ಸೂಜಿ ಇಳಿಸಿದಳು, ಕಾಲು ಮಾತ್ರ ಪೆಡಲಿನ ಮೇಲೆ ಹೋಗಲಿಲ್ಲ. ಅಷ್ಟರಲ್ಲಿ ಮೇಡಂ ಕುಂಟುತ್ತಾ ಬಂದು, ಹತ್ತು ಮರಿಗಳನ್ನು ಕರೆದುಕೊಂಡು, ನೇರವಾಗಿ ಪೆಡಲಿನ ಪಕ್ಕಕ್ಕೇ ನುಗ್ಗಿ ದಾರದ ತುಂಡು ಹೆಕ್ಕಿ ತೋರಿಸತೊಡಗಿತು.

ಚಿಕ್ಕಮ್ಮ ಎರಡೂ ಕಾಲನ್ನು ಕುರ್ಚಿಯ ಮೇಲೆ ಮಡಚಿಕೊಂಡು ಕೂತಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

“ಇಲ್ಲಿಗೇ ಕರ್ಕೊಂಡ್ ಬಂದ್ಯಲ್ಲೇ,” ಎಂದಳು. “ನಿಧಾನವಾಗಿ ತಿನ್ನು. ನಾನು ಆಮೇಲೆ ತುಳೀತೀನಿ.”